ಪೋರಬಂದರ್‌ನಲ್ಲಿ ಗಾಂಧಿ ಹುಟ್ಟಿದ ಮನೆ: ಅರ್ಧ ಗಂಟೆ ಸಾಕಾ?

ತುಂಗಾ ತೀರ
ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ದ್ವಾರಕಾ, ಸೋಮನಾಥ ಟೂರಿಗೆ ಹೊರಟಿದ್ದೀವಿ. ಟೂರಿನವರು ಕೊಟ್ಟ ಪಟ್ಟೀಲಿ ದ್ವಾರಕಾಗೆ ಎರಡು ದಿನ, ಸೋಮನಾಥಕ್ಕೆ ಒಂದು ದಿನ ಇದೆ. ನಡುವೆ "ಪೋರಬಂದರ್, ಕೀರ್ತಿ ಮಂದಿರ, 30 ನಿಮಿಷ" ಅಂತ ಒಂದೇ ಒಂದು ಸಾಲು.

ಅಮ್ಮನಿಗೆ ದ್ವಾರಕಾಧೀಶನ ದರ್ಶನ ಆದ್ರೆ ಆಯ್ತು. ಅಪ್ಪ ಹೊರಟಿರೋದೇ ಆ ಒಂದು ಸಾಲಿಗೋಸ್ಕರ. ಮೇಷ್ಟ್ರಾಗಿದ್ದವರು, ಈಗ 74. ಮೂವತ್ತೆರಡು ವರ್ಷ ಪ್ರತಿ ಅಕ್ಟೋಬರ್ 2ಕ್ಕೆ ಮಕ್ಕಳ ಮುಂದೆ ನಿಂತು "ಪೋರಬಂದರ್ ಎಂಬ ಊರಿನಲ್ಲಿ" ಅಂತಲೇ ಶುರು ಮಾಡ್ತಿದ್ದವರು. ಊರನ್ನ ಮಾತ್ರ ಇವತ್ತಿನವರೆಗೂ ನೋಡಿಲ್ಲ. ಮಂಡಿನೋವು ಬೇರೆ ಇದೆ. ಹೋಗಿ ಬಂದವರು ಯಾರಾದ್ರೂ ಇದ್ದೀರಾ? ಅರ್ಧ ಗಂಟೆಯಲ್ಲಿ ಮನೆ ನೋಡಿ ಮುಗಿಯುತ್ತಾ, ಮೆಟ್ಟಿಲು ಹತ್ತಬೇಕಾ, ಹುಟ್ಟಿದ ಕೋಣೆ ಹತ್ರ ಹೋಗೋಕೆ ಬಿಡ್ತಾರಾ, ತಿಳಿಸಿ.

ಕಡಲ ಪಯಣಿಗ
ಸಾಕಾಗುದಿಲ್ಲ ಮಾರಾಯ್ರೆ. ನಾವು ಹೋದದ್ದೂ ಹೀಗೇ ಟೂರಿನಲ್ಲಿ. ಬಸ್ಸು ನಿಂತಿತು, ಗೈಡ್ ನೇರ ಮಂದಿರದೊಳಗೆ ಕರ್ಕೊಂಡು ಹೋದ. ಗಾಂಧಿ, ಕಸ್ತೂರಬಾ ಇಬ್ಬರ ದೊಡ್ಡ ಚಿತ್ರ ಉಂಟು, ಅದರ ಎದುರು ಎಲ್ಲರೂ ಫೋಟೋ ತೆಗೆಸಿಕೊಂಡ್ರು. "ಬನ್ನಿ ಬನ್ನಿ, ಸೋಮನಾಥದ ಆರತಿ ತಪ್ಪಿಹೋಗ್ತದೆ" ಅಂತ ಹೊರಡಿಸಿಯೇ ಬಿಟ್ಟ.

ಮನೆಗೆ ಬಂದ ಮೇಲೆ ಮಗಳು ಕೇಳಿದ್ಳು, "ಹುಟ್ಟಿದ ಕೋಣೆ ಹೇಗಿತ್ತು ಪಪ್ಪಾ?" ಅಂತ. ನಾವು ನೋಡಿಯೇ ಇರಲಿಲ್ಲ! ಪಕ್ಕದಲ್ಲೇ ಹಳೇ ಮನೆ ಇದ್ದದ್ದು ಅಂತ ಗೊತ್ತಾದದ್ದು ಆಮೇಲೆ. ಅಷ್ಟು ದೂರ ಹೋಗಿ ಹೀಗಾಯ್ತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಬಸ್ ಕಿಟಕಿ
ನಂದೂ ಇದೇ ಕಥೆ. ಇಪ್ಪತ್ತು ನಿಮಿಷ ಕೊಟ್ಟಿದ್ರು, ಅದರಲ್ಲಿ ಹತ್ತು ನಿಮಿಷ ಚಪ್ಪಲಿ ಬಿಡೋದು ಹಾಕೋದ್ರಲ್ಲೇ ಹೋಯ್ತು.

ಹಳೇ ನಕ್ಷೆ
ಇಲ್ಲೇ ಎಲ್ಲರೂ ಎಡವೋದು. ಕೀರ್ತಿ ಮಂದಿರ ಬೇರೆ, ಹುಟ್ಟಿದ ಮನೆ ಬೇರೆ. ಎರಡೂ ಒಂದೇ ಆವರಣ, ಗೋಡೆಗೆ ಗೋಡೆ.

ಮನೆ ಹಳೇದು. ಗಾಂಧಿಯವರ ಮುತ್ತಜ್ಜ ಹರಜೀವನ್ ಗಾಂಧಿ 1777ರಲ್ಲಿ ಕೊಂಡಿದ್ದು. ಆಮೇಲೆ ಮನೆಯವರು ಮೇಲೆ ಕಟ್ಟುತ್ತಾ ಹೋಗಿ ಮೂರು ಅಂತಸ್ತಾಯ್ತು. ಮಂದಿರ ಹೊಸದು. 1947ರಲ್ಲಿ ಅಡಿಗಲ್ಲು ಬಿತ್ತು, 1950ರ ಮೇ 27ಕ್ಕೆ ಸರ್ದಾರ್ ಪಟೇಲರು ಬಂದು ತೆರೆದರು. ದುಡ್ಡು ಹಾಕಿದವರು ಅದೇ ಸೀಮೆಯ ಉದ್ಯಮಿ ನಾನಜಿ ಕಾಳಿದಾಸ್ ಮೆಹ್ತಾ. ಮನೆಯನ್ನ ಗಾಂಧಿ ಕುಟುಂಬದವರಿಂದ ಕೊಂಡು ಉಳಿಸಿದವರೂ ಅವರೇ.

ಹುಟ್ಟಿದ ಕೋಣೆ ನೆಲ ಅಂತಸ್ತಿನಲ್ಲೇ ಇದೆ. ಅಪ್ಪನವರಿಗೆ ಮಂಡಿನೋವಿದ್ರೂ ಚಿಂತೆ ಬೇಡ. ನೆಲದ ಮೇಲೆ ಒಂದು ಸ್ವಸ್ತಿಕ ಇದೆ, ಅದೇ ಜಾಗ ಅನ್ನೋ ಗುರುತು. ಕೋಣೇಲಿ ಬೇರೇನೂ ಇಲ್ಲ ಅಂದ್ರೂ ಸರಿಯೇ. ಮೇಲಿನ ಅಂತಸ್ತುಗಳದ್ದು ಮಾತ್ರ ಕಡಿದಾದ ಮರದ ಮೆಟ್ಟಿಲು, ಹಿಡ್ಕೊಳ್ಳೋಕೆ ಹಗ್ಗ ಇಳಿಬಿಟ್ಟಿದ್ದಾರೆ. ನಾನು ಹೋದಾಗ ಹತ್ತೋಕೆ ಬಿಟ್ಟಿದ್ರು. 74ರ ಮಂಡಿಗೆ ಅದು ಬೇಡವೇ ಬೇಡ.

ತುಂಗಾ ತೀರ
ನಕ್ಷೆ ಸಾರ್, ತುಂಬಾ ಉಪಕಾರ ಆಯ್ತು. ಅಪ್ಪನಿಗೆ ಓದಿ ಹೇಳಿದೆ. 1777 ಅಂದ ಕೂಡ್ಲೇ "ನಮ್ಮ ಕಡೆ ಹೈದರಾಲಿ ಕಾಲ" ಅಂದ್ರು. ಸ್ವಸ್ತಿಕ ಯಾವ ಬಣ್ಣದ್ದು ಅಂತ ಕೇಳ್ತಿದ್ದಾರೆ!

ಹಳೇ ನಕ್ಷೆ
ಅದನ್ನ ಅವರೇ ನೋಡಿ ಬಂದು ಹೇಳಲಿ.

ಪೇಡೆ ಪೇಟೆ
ನಾ ಎರಡ್ ಸಲ ಹೋಗೇನ್ರೀ. ಒಂದ್ ಸಲ ಕಂಪನಿ ಕೆಲಸದ ಮ್ಯಾಲ ರಾಜಕೋಟಕ್ಕ ಹೋಗಿದ್ದೆ, ಅಲ್ಲಿಂದ ಬಸ್ ಹಿಡದು ಒಬ್ಬನ ಹೋದೆ. ಮಂದಿರದ ಎತ್ತರ 79 ಅಡಿ ಅದ. ಗಾಂಧಿ 79 ವರ್ಷ ಬಾಳಿದ್ರು ಅಂತ ವರ್ಷಕ್ಕ ಒಂದ್ ಅಡಿ ಲೆಕ್ಕ. ಅಲ್ಲಿದ್ದ ಅಜ್ಜಾರೊಬ್ರು ಹೇಳಿದ್ರು, ಭಾಳ ಖುಷಿ ಆತು.

ಲೆಕ್ಕದ ಮೇಷ್ಟ್ರು
ಒಂದು ತಿದ್ದುಪಡಿ. 1869ರ ಅಕ್ಟೋಬರ್ 2ರಿಂದ 1948ರ ಜನವರಿ 30ಕ್ಕೆ ತುಂಬಿದ್ದು 78 ವರ್ಷ. 79 ನಡೀತಿತ್ತು ಅಷ್ಟೆ.

ಪೇಡೆ ಪೇಟೆ
ನಡಿಯೂ ವರ್ಷಾನ ಹಿಡಿಯೋದು ನಮ್ಮ ಹಿರೇರ ಪದ್ಧತಿ ಅಲ್ಲೇನ್ರೀ? ನಮ್ಮಜ್ಜಿನ್ನ ಕೇಳ್ರಿ, ಎಂಬತ್ತು ತುಂಬಿದ ಮರುದಿನದಿಂದ "ನನಗ ಎಂಬತ್ತೊಂದು" ಅಂತಾಳ. 79 ಅಡಿ ಕಟ್ಟಿದವರು ತಪ್ಪ ಮಾಡಿಲ್ಲ.

ಲೆಕ್ಕದ ಮೇಷ್ಟ್ರು
ಅಡಿ ತಪ್ಪು ಅನ್ನಲಿಲ್ಲ. "79 ವರ್ಷ ಬಾಳಿದ್ರು" ಅಂತ ಮಕ್ಕಳಿಗೆ ಹೇಳಿಕೊಟ್ರೆ ಅವು ಪರೀಕ್ಷೆಯಲ್ಲೂ ಹಾಗೇ ಬರೀತಾವೆ, ಅಂಕ ಹೋಗುತ್ತೆ. ನನ್ನ ಕಾಳಜಿ ಅದು.

ನೇರ ಮಾತು
ಎತ್ತರದ ವಿಷಯ ಬಿಡಿ. ಗಾಂಧಿಗೆ ಮಂದಿರ ಯಾಕೆ ಬೇಕಿತ್ತು ಅನ್ನೋದು ನನ್ನ ಪ್ರಶ್ನೆ. ಜೀವನವಿಡೀ ಬೇಡ ಬೇಡ ಅಂದ ಮನುಷ್ಯ. ಮಣ್ಣಿನ ಗುಡಿಸಲಲ್ಲಿ ಕೂತು ದೇಶ ನಡೆಸಿದವರ ಮನೆ ಪಕ್ಕ ಗೋಪುರ ಎಬ್ಬಿಸಿದ್ದಾರೆ. ಜನ ಗೋಪುರ ನೋಡಿ ಮನೆ ನೋಡದೆ ವಾಪಸ್ ಬರ್ತಾರೆ ಅಂತ ಮೇಲೆ ಇಬ್ಬರು ಹೇಳಿದ್ದಾರಲ್ಲ, ಇನ್ನೇನು ಬೇಕು ಸಾಕ್ಷಿ? ನನ್ನ ಕೇಳಿದ್ರೆ ಸೇವಾಗ್ರಾಮದ ಬಾಪೂ ಕುಟಿ ನೋಡಿ. ಮಣ್ಣಿನ ಗೋಡೆ, ಬಿದಿರು, ಚಾಪೆ. ಅಲ್ಲಿ ಹತ್ತು ನಿಮಿಷ ಕೂತ್ರೆ ಗಾಂಧಿ ಅಂದ್ರೆ ಏನು ಅಂತ ತಿಳಿಯುತ್ತೆ.

ಸೋರೆಬುರುಡೆ
ಅಣ್ಣ, ಬಾಪೂ ಕುಟಿ ನಾನೂ ನೋಡಿದ್ದೀನಿ, ಕಣ್ಣಲ್ಲಿ ನೀರು ಬಂತು. ಆದರೆ ಅದು ಗಾಂಧಿ ತಾವೇ ಆರಿಸಿಕೊಂಡ ಮನೆ. ಪೋರಬಂದರ್‌ನದ್ದು ಹುಟ್ಟಿನಿಂದ ಸಿಕ್ಕ ಮನೆ. ಅಜ್ಜ ದಿವಾನ, ಅಪ್ಪ ದಿವಾನ, ಮೂರು ಅಂತಸ್ತು. ಅದನ್ನ ನೋಡಿದ ಮೇಲೆ ಸೇವಾಗ್ರಾಮ ನೋಡಿದ್ರೆ ಅವರು ಏನೇನು ಬಿಟ್ಟು ಬಂದ್ರು ಅನ್ನೋದು ಗೊತ್ತಾಗುತ್ತೆ. ಎರಡೂ ಬೇಕು.

ನೇರ ಮಾತು
ಎರಡೂ ಬೇಕು ಅನ್ನೋದನ್ನ ಒಪ್ತೀನಿ. ಗೋಪುರ ಬೇಕು ಅನ್ನೋದನ್ನ ಒಪ್ಪಲ್ಲ.

ಹಳೇ ನಕ್ಷೆ
ಗೋಪುರ ಕಟ್ಟಿದವರ ಕಡೆಯಿಂದಲೂ ಒಂದು ಮಾತು. ಅದರಲ್ಲಿ ಹಿಂದೂ, ಜೈನ, ಬೌದ್ಧ, ಪಾರ್ಸಿ, ಕ್ರೈಸ್ತ, ಇಸ್ಲಾಂ ಆರರ ಕಟ್ಟಡಗಳ ಲಕ್ಷಣಗಳನ್ನೂ ಸೇರಿಸಿದ್ದಾರೆ. ಒಳಗೆ ಪೂಜೆ ಇಲ್ಲ, ವಿಗ್ರಹ ಇಲ್ಲ. ಎರಡು ಪಕ್ಕದ ಕೋಣೆಗಳು ಮಗನ್‌ಲಾಲ್ ಗಾಂಧಿ ಮತ್ತು ಮಹಾದೇವ ದೇಸಾಯಿ ನೆನಪಿಗೆ. ಜೊತೆಯವರನ್ನೂ ಮರೆಯದೆ ಜಾಗ ಕೊಟ್ಟಿದ್ದು ನನಗೆ ಹಿಡಿಸಿತು. 1947ರ ಜನರಿಗೆ ಗೌರವ ತೋರಿಸೋಕೆ ಗೊತ್ತಿದ್ದ ಭಾಷೆ ಅದು. ಹಳೇ ಮನೆಯನ್ನ ಕೆಡವಿ ಅದೇ ಜಾಗದಲ್ಲಿ ಕಟ್ಟಿದ್ರೆ ನಾನೂ ನಿಮ್ಮ ಜೊತೆ ಜಗಳಕ್ಕೆ ನಿಲ್ತಿದ್ದೆ. ಮನೆ ಉಳಿಸಿ ಪಕ್ಕಕ್ಕೆ ಕಟ್ಟಿದ್ರು.

ರಾಮೇಶ್ವರ ರಿಟರ್ನ್
ಉಳಿಸಿದ್ದು ದೊಡ್ಡದೇ. ರಾಮೇಶ್ವರದಲ್ಲಿ ಕಲಾಂ ಅವರ ಮನೆಗೆ ಹೋಗಿದ್ವಿ, ಮಸೀದಿ ಬೀದೀಲಿದೆ. ಅವರು ಹುಡುಗರಾಗಿದ್ದಾಗ ಸುಣ್ಣದಕಲ್ಲು ಇಟ್ಟಿಗೆಯ ಹಳೇ ಮನೆಯಂತೆ. ಈಗ ಇರೋದು ಅಂತಸ್ತುಗಳ ಮನೆ, ಮ್ಯೂಸಿಯಂ, ಮೇಲೆ ಅಂಗಡಿ. ಅವರ ಪುಸ್ತಕಗಳು, ಪ್ರಶಸ್ತಿಗಳು ಎಲ್ಲಾ ಚೆನ್ನಾಗಿ ಇಟ್ಟಿದ್ದಾರೆ. ಆದರೆ ಪೇಪರ್ ಹಂಚೋ ಹುಡುಗ ಮಲಗಿ ಎದ್ದ ಜಾಗ ಯಾವುದು ಅಂತ ನನ್ನ ಮಗ ಹುಡುಕುತ್ತಲೇ ಇದ್ದ, ಅವನಿಗೆ ಸಿಗಲಿಲ್ಲ.

ಬಸ್ ಕಿಟಕಿ
ಅಕ್ಟೋಬರ್ 2 ಅಂದ ಮೇಲೆ ಶಾಸ್ತ್ರೀಜಿ ಹುಟ್ಟಿದ ಮನೆಯನ್ನೂ ಹೇಳಿ. ಕಾಶಿಗೆ ಹೋದಾಗ ರಾಮನಗರದಲ್ಲಿ ನೋಡಿದ್ವಿ.

ಲೆಕ್ಕದ ಮೇಷ್ಟ್ರು
ರಾಮನಗರದ್ದು ಅವರ ಮನೆತನದ ಮನೆ. ಹುಟ್ಟಿದ್ದು ಮೊಘಲ್‌ಸರಾಯ್‌ನಲ್ಲಿ, ತಾಯಿಯ ತವರಲ್ಲಿ, 1904.

ಬಸ್ ಕಿಟಕಿ
ಓಹ್, ಹಾಗಾ! ಇಷ್ಟು ವರ್ಷ ತಪ್ಪೇ ಹೇಳ್ಕೊಂಡು ಬಂದಿದ್ದೆ. ಥ್ಯಾಂಕ್ಸ್ ಮೇಷ್ಟ್ರೇ.

ಮಳೆ ನೀರು
ನಾನು ಕಟ್ಟಡದ ಕೆಲಸದವಳು. ಆ ಮನೆಯಲ್ಲಿ ಜನ ಗಮನಿಸದ ಒಂದು ಸಂಗತಿ ಹೇಳ್ತೀನಿ. ಪೋರಬಂದರ್ ಸಮುದ್ರದ ಅಂಚಿನ ಊರು, ಬಾವಿ ನೀರು ಉಪ್ಪು. ಅದಕ್ಕೆ ಆ ಕಡೆಯ ಹಳೇ ಮನೆಗಳಲ್ಲಿ ತಾರಸಿಗೆ ಬಿದ್ದ ಮಳೆ ನೀರನ್ನ ಕೊಳವೆಯಲ್ಲಿ ಇಳಿಸಿ ಅಂಗಳದ ಕೆಳಗಿನ ತೊಟ್ಟಿಗೆ ತುಂಬಿಸ್ತಿದ್ರು. 'ಟಾಂಕಾ' ಅಂತಾರೆ. ಗಾಂಧಿ ಮನೆಯಲ್ಲೂ ಇದೆ. ಅಂಗಳದಲ್ಲಿ ನಿಂತಾಗ ನೀವು ನಿಂತಿರೋದು ಆ ತೊಟ್ಟಿ ಮೇಲೆ. ವರ್ಷದ ಕುಡಿಯೋ ನೀರು ಮೂರು ತಿಂಗಳ ಮಳೆಯಲ್ಲೇ ಕೂಡಿಡಬೇಕು. ಒಂದು ಚೊಂಬು ಚೆಲ್ಲಿದ್ರೂ ಮನೇಲಿ ಬೈಗುಳ ಗ್ಯಾರಂಟಿ. ಮುಂದೆ ಆಶ್ರಮದಲ್ಲಿ ನೀರಿನ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ ಬೆಳೆದದ್ದು ಇಂಥ ಮನೆಯಲ್ಲಿ. ಇದು ನನ್ನ ಊಹೆ, ಆದರೆ ಆ ಅಂಗಳದಲ್ಲಿ ನಿಂತವರಿಗೆ ಹಾಗೇ ಅನ್ನಿಸುತ್ತೆ.

ಕಡಲ ಪಯಣಿಗ
ಇದನ್ನೆಲ್ಲಾ ಹೇಳುವ ಒಬ್ಬ ಗೈಡ್ ಆದ್ರೂ ಸಿಕ್ಕಿದ್ರೆ!

ಪೇಡೆ ಪೇಟೆ
ಅಜ್ಜನ ಕಥಿ ಯಾರೂ ಹೇಳಲೇ ಇಲ್ಲಲ್ರೀ. ಓತಾ ಗಾಂಧಿ, ಅಂದ್ರ ಉತ್ತಮಚಂದ ಗಾಂಧಿ, ಪೋರಬಂದರ ದಿವಾನ. ರಾಜ ತೀರಿಕೊಂಡ ಮ್ಯಾಲ ರಾಣಿ ಆಳಾಕತ್ತಿದ್ಲು. ಆಕಿ ಸಿಟ್ಟಿಗೆ ಸಿಕ್ಕ ಖಜಾನೆ ಅಧಿಕಾರಿ ಒಬ್ಬಾಂವ ಓತಾ ಗಾಂಧಿ ಮನ್ಯಾಗ ಆಶ್ರಯ ಬೇಡಿದ. ಇವರು ಬಿಟ್ಟುಕೊಡಲಿಲ್ಲ. ರಾಣಿ ತೋಪು ತರಿಸಿ ಇದ ಮನೀಗೆ ಗುಂಡು ಹಾರಿಸಿದ್ಲು! ಆಮ್ಯಾಲ ಜುನಾಗಡಕ್ಕ ಹೋದ್ರು. ಅಲ್ಲಿ ನವಾಬಗ ಎಡಗೈಲೆ ಸಲಾಂ ಹೊಡದ್ರಂತ. ಯಾಕ ಹಿಂಗ ಅಂತ ಕೇಳಿದ್ರ "ಬಲಗೈ ಪೋರಬಂದರಿಗೆ ಕೊಟ್ಟಾಗೇದ" ಅಂದ್ರಂತ. ಮೊಮ್ಮಗ ಯಾರ ಹೋಲಿಕಿ ಅಂತ ಇದರಾಗ ಗೊತ್ತಾಗ್ತದ ನೋಡ್ರಿ.

ಸೋರೆಬುರುಡೆ
ಎಡಗೈ ಸಲಾಂ ಕಥೆ ಗಾಂಧಿಯವರೇ ಬರೆದುಕೊಂಡಿದ್ದಾರೆ. ಅಪ್ಪ ಕಬಾ ಗಾಂಧಿ ಕೂಡ ಕಡಿಮೆ ಇಲ್ಲ. ದಿವಾನರಾಗಿದ್ದೂ ಪಕ್ಕದ ಶ್ರೀನಾಥಜಿ ಗುಡಿಯಲ್ಲಿ ಕೂತು, ಮನೆ ಅಡುಗೆಗೆ ತರಕಾರಿ ಹೆಚ್ಚುತ್ತಾ ರಾಜ್ಯದ ವ್ಯವಹಾರ ಮಾತಾಡ್ತಿದ್ರಂತೆ.

ಅಮೃತಬಳ್ಳಿ
ಅಪ್ಪನ ಕಾಲು ಒತ್ತುತ್ತಿದ್ದು, ಅವರು ತೀರಿಕೊಂಡ ರಾತ್ರಿ ಪಕ್ಕದಲ್ಲಿರಲಿಲ್ಲ ಅಂತ ಜೀವನವಿಡೀ ಕೊರಗಿದ್ದು, ಅದೂ ಇದೇ ಮನೇಲೇ ಅಲ್ವಾ? ಆ ಕೋಣೆ ತೋರಿಸ್ತಾರಾ?

ಹಳೇ ನಕ್ಷೆ
ಅಲ್ಲ, ಅದು ರಾಜಕೋಟ, 1885. ಏಳನೇ ವಯಸ್ಸಿನ ಹೊತ್ತಿಗೇ ಸಂಸಾರ ರಾಜಕೋಟಕ್ಕೆ ಹೋಗಿತ್ತು. ಅಲ್ಲಿನ ಮನೆ 'ಕಬಾ ಗಾಂಧಿ ನೊ ಡೇಲೊ', ಅದನ್ನೂ ಉಳಿಸಿದ್ದಾರೆ. ಓದಿದ ಆಲ್ಫ್ರೆಡ್ ಹೈಸ್ಕೂಲ್ 2018ರಿಂದ ಗಾಂಧಿ ಮ್ಯೂಸಿಯಂ ಆಗಿದೆ. ವಿಮಾನದಲ್ಲಿ ರಾಜಕೋಟಕ್ಕೆ ಬಂದಿಳಿಯೋರು ಮೊದಲು ಇವೆರಡನ್ನೂ ನೋಡ್ಕೊಂಡೇ ಪೋರಬಂದರ್ ಕಡೆ ಹೊರಡಬಹುದು.

ಮದುವೆ ಮಾತ್ರ ಪೋರಬಂದರ್‌ನಲ್ಲೇ ಆಗಿದ್ದು. ಅಪ್ಪ ರಾಜಕೋಟದಿಂದ ಬರಬೇಕು, ಗಾಡಿಯಲ್ಲಿ ಐದು ದಿನದ ದಾರಿ. ಮೂರೇ ದಿನದಲ್ಲಿ ಮುಟ್ಟೋಕೆ ಹೊರಟು ಕುದುರೆಗಾಡಿ ಮಗುಚಿತು. ಮೈತುಂಬಾ ಪಟ್ಟಿ ಕಟ್ಟಿಕೊಂಡೇ ಮಗನ ಮದುವೆಗೆ ಬಂದ್ರು. ಮದುವೆ ಸಂಭ್ರಮದಲ್ಲಿ ಅಪ್ಪನ ಗಾಯವನ್ನೇ ಮರೆತೆ ಅಂತ ಗಾಂಧಿ ನೊಂದು ಬರೆದಿದ್ದಾರೆ.

ಅಮೃತಬಳ್ಳಿ
ಹೌದಾ. ಕಸ್ತೂರಬಾ ತವರುಮನೆ ಅಲ್ಲಿಂದ ದೂರನಾ?

ಹಳೇ ನಕ್ಷೆ
ಹಿಂದಿನ ಬೀದಿಯಲ್ಲೇ. ಮಂದಿರದ ಹಿಂಭಾಗದಿಂದ ಓಣೀಲಿ ನಡೆದ್ರೆ ಆಯ್ತು. ಅದನ್ನೂ ಕಾಪಾಡಿದ್ದಾರೆ. ತುಂಗಾ ತೀರ ಅವರೇ, ತಪ್ಪಿಸಬೇಡಿ. ಅಲ್ಲಿಗೆ ಹೋಗೋರು ಇನ್ನೂ ಕಡಿಮೆ.

ನೇರ ಮಾತು
ನೋಡಿ, ಇದೇ ನನ್ನ ಸಂಕಟ. 'ಬಾ', ಅಂದ್ರೆ ಕಸ್ತೂರಬಾ, ಅವರ ಮನೆಗೆ ಜನ ಹೋಗಲ್ಲ. ಅವರು ಹುಟ್ಟಿದ್ದೂ 1869ರಲ್ಲೇ, ಅದೇ ಊರಲ್ಲಿ, ಗಾಂಧಿಗಿಂತ ಕೆಲವು ತಿಂಗಳು ಮುಂಚೆ. ಜೈಲಿಗೂ ಹೋದವರು, ಸೆರೆಯಲ್ಲೇ ಪ್ರಾಣ ಬಿಟ್ಟವರು.

ಸೋರೆಬುರುಡೆ
ಈ ಮಾತನ್ನ ಪೂರ್ತಿ ಒಪ್ಪಿದೆ ಅಣ್ಣ.

ತಿಂಡಿ ಪೋತ
ವಿಷಯ ಬೇರೆ, ಆದ್ರೂ ಹೇಳಿಬಿಡ್ತೀನಿ. ಪೋರಬಂದರ್‌ನ ಖಾಜಲಿ ತಿನ್ನದೆ ಬರಬೇಡಿ. ಪದರ ಪದರ, ಬಾಯಿಗಿಟ್ರೆ ಪುಡಿ ಪುಡಿ. ನಮ್ಮ ಚಿರೋಟಿ ಒಗ್ಗಿದ ನಾಲಿಗೆಗೆ ತಕ್ಷಣ ಹಿಡಿಸುತ್ತೆ. ಚೀಲದ ಮೇಲ್ಗಡೆ ಇಟ್ಕೊಳ್ಳಿ, ಕೆಳಗಿಟ್ರೆ ಊರು ಮುಟ್ಟೋ ಹೊತ್ತಿಗೆ ಹಿಟ್ಟು.

ನಂದಿ ಬೆಟ್ಟದ ಗಾಳಿ
ಅಷ್ಟು ದೂರ ಹೋಗೋಕಾಗದವರಿಗೆ ನಮ್ಮಲ್ಲೇ ಇದೆಯಲ್ಲ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧಿ ಸುಧಾರಿಸಿಕೊಂಡಿದ್ದು ನಂದಿ ಬೆಟ್ಟದಲ್ಲಿ. ಗಾಂಧಿ ನಿಲಯದ ಮುಂದೆ ನಿಂತು ಸೆಲ್ಫಿ ತೆಗೆಯೋ ಹುಡುಗರಿಗೆ ಅದೇನು ಅಂತಲೂ ಗೊತ್ತಿರಲ್ಲ. ಬೆಳಗಾವಿಯಲ್ಲಂತೂ 1924ರ ಕಾಂಗ್ರೆಸ್ ಅಧಿವೇಶನ ಆಯ್ತು. ಅವರು ಅಧ್ಯಕ್ಷತೆ ವಹಿಸಿದ್ದು ಅದೊಂದಕ್ಕೇ. ಆವಾಗ ತೋಡಿದ ಬಾವಿ ಇವತ್ತಿಗೂ ಇದೆ.

ಪೇಡೆ ಪೇಟೆ
ಕಾಂಗ್ರೆಸ್ ಬಾವಿ! ಅದರ ನೀರು ಊರಿಗೆ ಎಷ್ಟೋ ವರ್ಷ ಆಸರಾಗೇದ್ರೀ. ಅದಕ್ಕ ಬೇರೆ ಚರ್ಚೆ ಶುರು ಮಾಡ್ರಿ, ನಾ ಬರ್ತೀನಿ.

ಟೈಮ್ ಟೇಬಲ್
ಮೂಲ ಪ್ರಶ್ನೆಗೆ ಬರೋಣ. ದ್ವಾರಕಾದಿಂದ ಪೋರಬಂದರ್ ಸುಮಾರು 100 ಕಿ.ಮೀ., ಅಲ್ಲಿಂದ ಸೋಮನಾಥ ಸುಮಾರು 130. ಬೆಳಿಗ್ಗೆ ಬೇಗ ಬಿಟ್ರೆ ಒಂದೂವರೆ ಗಂಟೆ ಧಾರಾಳವಾಗಿ ಸಿಗುತ್ತೆ. ಟೂರಿನವರನ್ನ ಮುಂಚೆಯೇ ಕೇಳಿ, ಬಸ್ಸಲ್ಲಿ ಕೂತ ಮೇಲೆ ಕೇಳಬೇಡಿ. ದಾರೀಲಿ ಶಾಪಿಂಗ್‌ಗೆ ಅಂತ ನಿಲ್ಲಿಸೋ ಹೊತ್ತನ್ನ ಇಲ್ಲಿಗೆ ಹಾಕಿ ಅಂತ ನಾಲ್ಕು ಜನ ಸೇರಿ ಹೇಳಿದ್ರೆ ಕೇಳ್ತಾರೆ.

ತುಂಗಾ ತೀರ
ಹೋಗಿ ಬಂದ್ವಿ! ಉದ್ದ ಆಗುತ್ತೆ, ಓದಿ.

ಟೈಮ್ ಟೇಬಲ್ ಹೇಳಿದ ಹಾಗೇ ಮಾಡಿದೆ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಸಹಪ್ರಯಾಣಿಕರಿಗೆಲ್ಲ ಈ ಚರ್ಚೆ ಓದಿ ಹೇಳಿದೆ. ಹಾಸನದ ಕಡೆಯ ಇಬ್ಬರು ಅಜ್ಜಿಯರು "ಅಂಗಡಿ ಬೇಡ, ಮನೆ ತೋರ್ಸಪ್ಪ" ಅಂದ್ಬಿಟ್ರು. ಒಂದೂ ಮುಕ್ಕಾಲು ಗಂಟೆ ಸಿಕ್ತು.

ಅಪ್ಪ ಮಂದಿರದಲ್ಲಿ ಹೆಚ್ಚು ನಿಲ್ಲಲಿಲ್ಲ. ಗಾಂಧಿ ಪಾದದ ಬಳಿ 'ಸತ್ಯ', ಬಾ ಪಾದದ ಬಳಿ 'ಅಹಿಂಸೆ' ಅಂತ ಬರೆದಿದ್ದನ್ನ ಅಕ್ಷರ ಕೂಡಿಸಿ ಓದಿದ್ರು. ಆಮೇಲೆ "ಬಾಗಿಲು ಎಲ್ಲಿ?" ಅಂತ ಕೇಳಿದ್ರು. ಹುಟ್ಟಿದ ಕೋಣೆಯ ಮುಂದೆ ಬಂದಾಗ ಏನಾದ್ರೂ ಹೇಳ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ. ಕನ್ನಡಕ ತೆಗೆದು ಪಂಚೆ ತುದಿಯಲ್ಲಿ ಒರೆಸಿದ್ರು, ಹಾಕ್ಕೊಂಡ್ರು, ಮತ್ತೆ ತೆಗೆದು ಒರೆಸಿದ್ರು. ಹೊರಗಿನ ಬಿಸಿಲಿಂದ ಬಂದ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಒಂದೊಂದಾಗಿ ಕಾಣುತ್ತೆ. ನೆಲ, ಸ್ವಸ್ತಿಕ, ಗೋಡೆ ಮೇಲಿನ ಚಿತ್ರ. ಇಷ್ಟೇ.

ನಾನು ಹಗ್ಗ ಹಿಡಿದು ಮೇಲೆ ಹತ್ತಿದೆ. ಸಣ್ಣ ಸಣ್ಣ ಕೋಣೆಗಳು, ಒಂದರಿಂದ ಇನ್ನೊಂದಕ್ಕೆ ಗಿಡ್ಡ ಬಾಗಿಲು. ಮರದ ಕಿಟಕಿ ಕಟ್ಟೆ ಕೈ ಆಡಿ ಆಡಿ ನುಣುಪಾಗಿದೆ. ಅಪ್ಪ ಕೆಳಗಿಂದ "ಏನು ಕಾಣುತ್ತೋ?" ಅಂತ ಕೂಗಿದ್ರು. ತಾರಸಿಗಳು ಕಾಣ್ತವೆ ಅಂದೆ. "ಕೊಳವೆ ಇದೆಯಾ ನೋಡು, ಮಳೆನೀರಿಂದು!" ಅಂದ್ರು. ಮಳೆ ನೀರು ಮೇಡಂ ಬರೆದಿದ್ದು ಅವರಿಗೆ ಬಾಯಿಪಾಠ. ಕೆಳಗೆ ಬಂದಾಗ ಹಾಸನದ ಅಜ್ಜಿಯರನ್ನ ಅಂಗಳದಲ್ಲಿ ನಿಲ್ಲಿಸಿಕೊಂಡು "ನಮ್ಮ ಕಾಲಡಿ ನೀರಿದೆ" ಅಂತ ಪಾಠ ಶುರು ಮಾಡಿದ್ರು. ನಿವೃತ್ತಿಯಾಗಿ ಹದಿನಾರು ವರ್ಷದ ಮೇಲೆ ಆ ದನಿ ಕೇಳಿದೆ.

ಅಮ್ಮನ ವಿಷಯ ಹೇಳಲೇಬೇಕು. ಕಸ್ತೂರಬಾ ಮನೆಗೆ ಹೋಗೋ ಓಣಿಯಲ್ಲಿ ಅಪ್ಪ ಗಾಂಧಿ ತಾಯಿ ಪುತಲೀಬಾಯಿ ವ್ರತದ ಕಥೆ ಹೇಳ್ತಿದ್ರು. ಚಾತುರ್ಮಾಸದಲ್ಲಿ ಸೂರ್ಯನ್ನ ನೋಡದೆ ಊಟ ಮಾಡಲ್ಲ ಅಂತ ವ್ರತ. ಮಕ್ಕಳು ಆಕಾಶ ನೋಡ್ತಾ ಕಾಯೋರು. ಸೂರ್ಯ ಕಂಡ ಅಂತ ಕೂಗಿದ್ರೆ ತಾಯಿ ಓಡಿ ಬರೋ ಹೊತ್ತಿಗೆ ಮೋಡ ಮುಚ್ಚಿರೋದು. "ದೇವರಿಗೆ ಇವತ್ತು ನಾನು ಉಣ್ಣೋದು ಬೇಡ ಅನ್ನಿಸಿದೆ" ಅಂತ ಒಳಗೆ ಹೋಗೋರಂತೆ. ಅಮ್ಮ ನಡೀತಾ ಇದ್ದವರು ನಿಂತುಬಿಟ್ರು. "ನಮ್ಮೂರ ಆಷಾಢದಲ್ಲಾಗಿದ್ರೆ ಆ ತಾಯಿ ವಾರಗಟ್ಟಲೆ ಉಪವಾಸ ಇರ್ತಿದ್ಲು" ಅಂದ್ರು. ಬಾ ಮನೆ ಮೆಟ್ಟಿಲ ಮೇಲೆ ಕೂತವರು ನಾವು ಕರೆಯೋ ತನಕ ಏಳಲಿಲ್ಲ.

ಮಳೆ ನೀರು
ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ. ಓದ್ತಾ ಕಣ್ಣು ಒದ್ದೆಯಾಯ್ತು.

ಕಡಲ ಪಯಣಿಗ
ಬರುವ ಡಿಸೆಂಬರಿಗೆ ನಾವೂ ಹೊರಟೆವು. ಈ ಸಲ ಟೂರಲ್ಲ, ನಮ್ಮದೇ ಕಾರು. ಮಗಳನ್ನೂ ಕರ್ಕೊಂಡು ಹೋಗ್ತೇನೆ.

ಲೆಕ್ಕದ ಮೇಷ್ಟ್ರು
ಸ್ವಸ್ತಿಕದ ಬಣ್ಣ ಯಾವುದು ಅಂತ ಹೇಳಲೇ ಇಲ್ಲ!

ತುಂಗಾ ತೀರ
ಅಪ್ಪನ್ನ ಕೇಳಿದೆ. "ಅವರೇ ಹೋಗಿ ನೋಡ್ಲಿ" ಅಂತಿದ್ದಾರೆ.